ಡಾಂಬರು ಮುಗಿದ ಮೇಲಿನ ದಾರಿಗೆ ಒಂದು ಹಳೆಯ ಎಸ್‌ಯುವಿ

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ಸುಮಾರು ಒಂದು ಕಿಲೋಮೀಟರ್ ಒಳಗೆ. ಆ ದಾರಿಯಲ್ಲಿ ಒಂದು ಹಳ್ಳ, ಧರೆ ಕಡಿದು ಮಾಡಿದ ಒಂದು ಕಡಿದಾದ ಏರು, ಏರಿನ ತುದಿಯಲ್ಲಿ ಒಂದು ಇಕ್ಕಟ್ಟಾದ ತಿರುವು ಇವೆ. ಬೇಸಿಗೆಯಲ್ಲಿ ಯಾವ ಕಾರಾದರೂ ಅಂಗಳದವರೆಗೆ ಬರುತ್ತದೆ. ಆರ್ದ್ರಾ ಮಳೆ ಹಿಡಿದ ಮೇಲೆ ಕೆಮ್ಮಣ್ಣು ನೆನೆದು ಜಾರತೊಡಗುತ್ತದೆ. ಅಲ್ಲಿಂದ ದೀಪಾವಳಿಯವರೆಗೆ ನೆಂಟರ ಕಾರುಗಳೆಲ್ಲ ಮುಖ್ಯರಸ್ತೆಯ ಬದಿಯಲ್ಲೇ ನಿಲ್ಲುತ್ತವೆ. ಇಷ್ಟು ಕಾಲ ನಮ್ಮ ಕೆಲಸ ನಡೆದದ್ದು ಹಳೆಯ ಮಹೀಂದ್ರ ಜೀಪಿನಿಂದ. ಗೊಬ್ಬರ, ಕೊಳೆ ಔಷಧಿಯ ಡ್ರಮ್ಮು, ಅಡಿಕೆ ಮೂಟೆ, ಎಲ್ಲವನ್ನೂ ಅದು ಹೊತ್ತಿದೆ. ಆದರೆ ಮಂಡಿನೋವಿನ ಅಮ್ಮನನ್ನು ಅದರ ಗಟ್ಟಿ ಸೀಟಿನಲ್ಲಿ ಕೂರಿಸಿಕೊಂಡು ಹುಲಿಕಲ್ ಘಾಟಿಯಲ್ಲಿ ಮಣಿಪಾಲದ ಆಸ್ಪತ್ರೆಗೆ ಹೋಗಿಬರುವುದು ಅವರಿಗೆ ನಿಜವಾದ ಹಿಂಸೆಯಾಗಿತ್ತು. ಏಳು ಜನರ ಮನೆ ನಮ್ಮದು. ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಶಿವಮೊಗ್ಗಕ್ಕೂ ಬೆಂಗಳೂರಿಗೂ ಹೋಗಬಲ್ಲ, ಮಳೆಗಾಲದ ರಾತ್ರಿಯಲ್ಲೂ ಅಂಗಳಕ್ಕೆ ಬಂದು ನಿಲ್ಲಬಲ್ಲ ಒಂದೇ ವಾಹನ ಬೇಕಿತ್ತು. ಹೊಸದರ ಬೆಲೆ ನಮ್ಮ ತೋಟದ ಉತ್ಪತ್ತಿಗೆ ಮೀರಿದ್ದು. ಹಾಗಾಗಿ ಹಳೆಯದನ್ನೇ ಹುಡುಕಿದೆವು. ಆ ಹುಡುಕಾಟದಲ್ಲಿ ತಿಳಿದುಕೊಂಡದ್ದನ್ನು, ಇದೇ ಅಗತ್ಯವಿರುವ ನಮ್ಮ ಕಡೆಯ ಕುಟುಂಬಗಳಿಗೆ ನೆರವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು: ವಾಹನದ ಗಾತ್ರಕ್ಕೂ ಅದು ಕೆಸರಿನಲ್ಲಿ ಏರುವ ಶಕ್ತಿಗೂ ಸಂಬಂಧವಿಲ್ಲ. ಹಳೆಯ ವಾಹನಗಳ ಮಾರುಕಟ್ಟೆಯಲ್ಲಿ ಕಾಣಸಿಗುವ ಫಾರ್ಚೂನರ್, ಸ್ಕಾರ್ಪಿಯೊ, ಎಂಡೇವರ್‌ಗಳಲ್ಲಿ ಬಹಳಷ್ಟು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವಂಥವು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ‘ಫೋರ್ ಬೈ ಫೋರ್’ ಮಾದರಿಗೂ ಇವುಗಳಿಗೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಹಿಂದಿನ ಬಾಗಿಲಿನ ಮೇಲೆ ‘ಫೋರ್ ಬೈ ಫೋರ್’ ಎಂಬ ಅಂಟುಚೀಟಿ ಇದ್ದ ಮಾತ್ರಕ್ಕೆ ನಂಬಬಾರದು. ಒಳಗೆ ಅದರ ಗುಂಡಿಯೋ ಎರಡನೆಯ ಲಿವರೋ ಇದೆಯೇ, ಕೆಳಗೆ ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ಹಿಂದೆ, ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಂಚುವ ಟ್ರಾನ್ಸ್‌ಫರ್ ಕೇಸ್ ಇದೆಯೇ, ಅಲ್ಲಿಂದ ಮುಂದಿನ ಆಕ್ಸಲ್‌ ಕಡೆಗೆ ಒಂದು ಶಾಫ್ಟ್ ಹೋಗಿದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. 2021ರಲ್ಲಿ ಬಂದ ಹೊಸ ಟಾಟಾ ಸಫಾರಿ ದೊಡ್ಡದಾಗಿದ್ದರೂ ಅದರಲ್ಲಿ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಎಕ್ಸ್‌ಯುವಿ 500, ಹೆಕ್ಸಾಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಮಾದರಿಗಳಿದ್ದವು. ಆದರೆ ಅವುಗಳಲ್ಲಿ ಲೋ ರೇಂಜ್ ಇಲ್ಲ.

ಲೋ ರೇಂಜ್ ಎಂಬುದರ ಬೆಲೆ ನಮ್ಮ ದಾರಿಗಳಲ್ಲಿ ಓಡಿಸಿದವರಿಗೇ ಗೊತ್ತು. ಟ್ರಾನ್ಸ್‌ಫರ್ ಕೇಸಿನ ಒಳಗಿರುವ ಈ ಇನ್ನೊಂದು ಜೊತೆ ಹಲ್ಲುಚಕ್ರಗಳು ವಾಹನದ ವೇಗವನ್ನು ಸುಮಾರು ಎರಡೂವರೆ ಪಟ್ಟು ಇಳಿಸಿ, ಚಕ್ರಕ್ಕೆ ಸಿಗುವ ಎಳೆತವನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತವೆ. ಏರಿನಲ್ಲಿ ಅದರ ಲಾಭ ಎಲ್ಲರಿಗೂ ತಿಳಿಯುತ್ತದೆ: ಎಂಜಿನ್ ಅರಚಿಸದೆ, ಕ್ಲಚ್ ಸುಡದೆ, ಮಂದಗತಿಯಲ್ಲಿ ಹತ್ತಬಹುದು. ನನ್ನ ಮಟ್ಟಿಗೆ ಇಳಿಜಾರಿನಲ್ಲೇ ಅದರ ಉಪಕಾರ ಹೆಚ್ಚು. ಎರಡು ಟನ್‌ಗಿಂತ ಹೆಚ್ಚು ತೂಗುವ ವಾಹನ ಒದ್ದೆ ಜೇಡಿಯ ಇಳಿಜಾರಿನಲ್ಲಿರುವಾಗ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ವಾಹನ ನಿಲ್ಲುವುದಿಲ್ಲ. ಅದು ಜಾರುತ್ತಾ ಹೋಗಿ ಧರೆಗೆ ತಾಗುತ್ತದೆ, ಇಲ್ಲವೇ ಚರಂಡಿಗೆ ಇಳಿಯುತ್ತದೆ. ಲೋ ರೇಂಜಿನ ಮೊದಲ ಗೇರಿನಲ್ಲಿ ಇಳಿಸಿದರೆ ಬ್ರೇಕ್ ಮುಟ್ಟುವ ಅಗತ್ಯವೇ ಬಹುಪಾಲು ಇರುವುದಿಲ್ಲ, ಎಂಜಿನ್ನೇ ವಾಹನವನ್ನು ಹಿಡಿದಿಟ್ಟುಕೊಂಡು ಇಳಿಸುತ್ತದೆ. ಕುಟುಂಬವನ್ನು ಕೂರಿಸಿಕೊಂಡು ಇಂಥ ದಾರಿಯಲ್ಲಿ ಓಡಾಡುವವರು ಬೇರೆ ಯಾವ ಸೌಲಭ್ಯವನ್ನು ಬಿಟ್ಟರೂ ಇದೊಂದನ್ನು ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸನ್‌ರೂಫ್, ಚರ್ಮದ ಸೀಟು, ದೊಡ್ಡ ಪರದೆಗಳನ್ನು ಮುಂದಿಟ್ಟು ಮಾರುವವರ ಬಳಿ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ. ಡಾಂಬರು ರಸ್ತೆ ಮನೆಬಾಗಿಲಿಗೇ ಬಂದಿರುವವರ ಮಾತು ಬೇರೆ. ಅವರಿಗೆ ಹಿಂದಿನ ಚಕ್ರದ ಇನ್ನೋವಾ ಕ್ರಿಸ್ಟಾ ಸಾಕು, ಅದರಲ್ಲಿ ಸುಖವೂ ಹೆಚ್ಚು.

ಹೀಗೆ ಸೋಸುತ್ತಾ ಹೋದರೆ ಉಳಿಯುವ ಹೆಸರುಗಳು ಕಡಿಮೆ. ಟಾಟಾ ಸಫಾರಿ ಸ್ಟಾರ್ಮ್ 2012ರಿಂದ 2019ರವರೆಗೆ ಬಂತು. ಅದರ ಫೋರ್ ಬೈ ಫೋರ್ ಮಾದರಿ ಗಟ್ಟಿಮುಟ್ಟು, ಕೊಳ್ಳುವ ಬೆಲೆಯೂ ಕೈಗೆಟುಕುವಂಥದ್ದು. ಆದರೆ ಮೂರನೆಯ ಸಾಲಿನಲ್ಲಿ ಎದುರುಬದುರಾಗಿ ಕೂರುವ ಮಡಚು ಸೀಟುಗಳಿವೆ. ಘಾಟಿಯ ತಿರುವುಗಳಲ್ಲಿ ಮಕ್ಕಳು ಅಲ್ಲಿ ಕೂತರೆ ಹೊಟ್ಟೆ ತೊಳಸುವುದು ಖಚಿತ, ಸುರಕ್ಷತೆಯ ದೃಷ್ಟಿಯಿಂದಲೂ ನನಗದು ಒಪ್ಪಿಗೆಯಾಗಲಿಲ್ಲ. ಹಳೆಯ ಸ್ಕಾರ್ಪಿಯೊದ ಫೋರ್ ಬೈ ಫೋರ್ ಮಾದರಿಯನ್ನು ನಮ್ಮ ಕಡೆಯ ಎಲ್ಲ ಮೆಕ್ಯಾನಿಕ್‌ಗಳೂ ಬಲ್ಲರು, ಬಿಡಿಭಾಗ ಎಲ್ಲಿಯೂ ಸಿಗುತ್ತದೆ. 2022ರಲ್ಲಿ ಬಂದ ಸ್ಕಾರ್ಪಿಯೊ-ಎನ್‌ನ ಡೀಸೆಲ್ ಫೋರ್ ಬೈ ಫೋರ್ ಮಾದರಿಯಲ್ಲೂ ಲೋ ರೇಂಜ್ ಇದೆ, ಅವು ಈಗ ನಿಧಾನವಾಗಿ ಹಳೆಯ ಮಾರುಕಟ್ಟೆಗೆ ಬರುತ್ತಿವೆ. ಇಸುಜು ಎಂಯು-ಎಕ್ಸ್ 3.0 ಲೀಟರ್ ಎಂಜಿನ್ನಿನ ನಂಬಿಕಸ್ಥ ವಾಹನ, ಆದರೆ ಮಾರಾಟಕ್ಕೆ ಬರುವುದೇ ಅಪರೂಪ.

ಮನಸ್ಸು ಹೆಚ್ಚು ಕಾಲ ತೂಗಾಡಿದ್ದು ಫೋರ್ಡ್ ಎಂಡೇವರ್ ಮತ್ತು ಟೊಯೋಟಾ ಫಾರ್ಚೂನರ್‌ಗಳ ನಡುವೆ. 2016ರ ಆರಂಭದಲ್ಲಿ ಬಂದ ಎಂಡೇವರ್‌ನ 3.2 ಲೀಟರ್, ಐದು ಸಿಲಿಂಡರಿನ ಎಂಜಿನ್ ಘಾಟಿಯ ಏರಿನಲ್ಲಿ ಎಳೆಯುವ ಬಗೆಗೆ ಸಾಟಿಯಿಲ್ಲ. ಹಿಂದಿನ ಸೀಟಿನಲ್ಲಿ ಕೂತವರಿಗೆ ಗುಂಡಿಗಳ ಹೊಡೆತವೂ ಕಡಿಮೆ. 800 ಮಿಲಿಮೀಟರ್ ಆಳದ ನೀರಿನಲ್ಲಿ ದಾಟಬಲ್ಲದು ಎಂದು ಕಂಪನಿಯೇ ಹೇಳಿತ್ತು; ಫಾರ್ಚೂನರ್‌ಗೆ ಹೇಳಿರುವುದು 700 ಮಿಲಿಮೀಟರ್. ವಾಹನವಾಗಿ ನೋಡಿದರೆ ಎಂಡೇವರೇ ಮೇಲು ಎಂದು ಇಂದಿಗೂ ಹೇಳುತ್ತೇನೆ. ಆದರೆ ಫೋರ್ಡ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ವಾಹನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಬಿಡಿಭಾಗಗಳ ಸರಬರಾಜು ಮುಂದುವರಿದಿದ್ದರೂ, ಬಾಡಿಯ ಒಂದು ಭಾಗಕ್ಕೋ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗೋ ಕಾಯುತ್ತಾ ಮಳೆಗಾಲದಲ್ಲಿ ವಾಹನವಿಲ್ಲದೆ ಇರುವುದು ನಗರದವರಿಗೆ ಸಾಧ್ಯವಾದೀತು, ನಮಗಲ್ಲ. ಫಾರ್ಚೂನರ್ ಇಂದಿಗೂ ಬಿಡದಿಯ ಕಾರ್ಖಾನೆಯಿಂದ ಹೊರಬರುತ್ತಿದೆ. 2009ರಲ್ಲಿ ಬಂದ ಮೊದಲ ತಲೆಮಾರಿನದು 3.0 ಲೀಟರ್ ಎಂಜಿನ್ನಿನದು, ಅದರಲ್ಲಿ ಎಂಜಿನ್ನಿನ ಕವಾಟಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಇದೆ. ಸುಮಾರು ಒಂದೂವರೆ ಲಕ್ಷ ಕಿಲೋಮೀಟರಿನ ಹೊತ್ತಿಗೆ ಅದನ್ನು ಬದಲಿಸಿದ ದಾಖಲೆ ಇಲ್ಲದಿದ್ದರೆ, ಬದಲಿಸಿಲ್ಲವೆಂದೇ ತಿಳಿದು ಬೆಲೆ ಮಾತಾಡಬೇಕು. 2016ರ ನವೆಂಬರಿನಲ್ಲಿ ಬಂದ ಎರಡನೆಯ ತಲೆಮಾರಿನ 2.8 ಲೀಟರ್ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನ್ ಇರುವುದರಿಂದ ಆ ಚಿಂತೆಯಿಲ್ಲ. ಕೊನೆಗೆ ನಾವು ಕೊಂಡದ್ದು ಈ ಎರಡನೆಯ ತಲೆಮಾರಿನ ಮ್ಯಾನುಯಲ್ ಗೇರಿನ ಫೋರ್ ಬೈ ಫೋರ್.

ಅದು ಹೊಗೆಯ ಮಿತಿಗೆ ಸರ್ಕಾರ ಹಾಕಿದ ಹಿಂದಿನ ಮಾನದಂಡವಾದ ಬಿಎಸ್-4ರ ಕಾಲದ್ದಾಗಿರಲಿ ಎಂದು ಬಯಸಿದ್ದಕ್ಕೂ ಕಾರಣವಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ವಾಹನ ಆಗಾಗ ಸ್ವಲ್ಪ ದೂರ, ಸ್ವಲ್ಪ ವೇಗದಲ್ಲಿ, ನಿಲ್ಲದೆ ಓಡಬೇಕು. ತೋಟದಿಂದ ಪೇಟೆಗೆ, ಪೇಟೆಯಿಂದ ಸೊಸೈಟಿಗೆ ಎಂದು ಎರಡನೆಯ ಗೇರಿನಲ್ಲೇ ಓಡುವ ವಾಹನದಲ್ಲಿ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರಿಗೆ ಬಿಎಸ್-6ರಿಂದ ಯಾವ ತೊಂದರೆಯೂ ಇಲ್ಲ, ಗಾಳಿಗೂ ಅದೇ ಒಳ್ಳೆಯದು.

ಇನ್ನು ಪರೀಕ್ಷೆಯ ವಿಷಯ. ಇಂಥ ವಾಹನಗಳ ಬಾಡಿ ಕೂತಿರುವುದು ಉದ್ದುದ್ದನೆಯ ಎರಡು ಉಕ್ಕಿನ ತೊಲೆಗಳ ಚಾಸಿಯ ಮೇಲೆ. ಬಣ್ಣ ಮಾಸಿದ್ದರೆ ಹಚ್ಚಿಸಬಹುದು, ಎಂಜಿನ್ ಕೂಡ ಬಿಚ್ಚಿ ಕಟ್ಟಬಹುದು. ಚಾಸಿ ತುಕ್ಕು ಹಿಡಿದಿದ್ದರೆ, ಬಾಗಿದ್ದರೆ, ಆ ವಾಹನವನ್ನು ಬಿಟ್ಟುಬಿಡಬೇಕು. ಮಲೆನಾಡಿಗೆ ಬರುವ ಹಳೆಯ ವಾಹನಗಳಲ್ಲಿ ಕರಾವಳಿಯವು ಬಹಳ. ಕೆಎ-19, ಕೆಎ-20, ಕೆಎ-30 ಎಂದು ನೋಂದಣಿಯಾದವನ್ನು ತಿರಸ್ಕರಿಸಬೇಕೆಂದು ನಾನು ಹೇಳುವುದಿಲ್ಲ, ಆದರೆ ಉಪ್ಪುಗಾಳಿಯಲ್ಲಿ ನಿಂತ ಉಕ್ಕನ್ನು ಇನ್ನಷ್ಟು ಹೊತ್ತು ನೋಡಬೇಕು. ನಾವು ಒಪ್ಪಿಗೆಯಾದ ಪ್ರತಿ ವಾಹನವನ್ನೂ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ತರಿಸಿ, ಜೀಪುಗಳ ಕೆಲಸದಲ್ಲೇ ತಲೆ ನರೆತ ಒಬ್ಬ ಹಿರಿಯ ಮೆಕ್ಯಾನಿಕ್‌ ಕೈಯಲ್ಲಿ ಕೆಳಗಿನಿಂದ ನೋಡಿಸಿದೆವು. ಅವರು ಬಾನೆಟ್ ತೆರೆಯುವ ಮೊದಲೇ ಕೆಳಗೆ ಮಲಗಿ, ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋಗುತ್ತಿದ್ದರು. ಗಟ್ಟಿ ಉಕ್ಕು ಖಣಿ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ.

‘ತಳಕ್ಕೆ ಹೊಸದಾಗಿ ಕಪ್ಪು ಬಳಿದದ್ದು ಕಂಡರೆ ಹುಷಾರಾಗಿರಿ ಮಾರಾಯ್ರೆ, ಕೆಸರು ಹಿಡಿದು ಬಂದ ಗಾಡಿಯನ್ನಾದರೂ ನಂಬಬಹುದು’ ಎಂದು ಅವರು ಹೇಳಿದ ಮಾತು ನಿಜ. ಮಾರುವ ಮುನ್ನ ತಳಕ್ಕೆ ದಪ್ಪಗೆ ಹಚ್ಚಿದ ಕಪ್ಪು ಲೇಪದ ಅಡಿಯಲ್ಲಿ ತುಕ್ಕು ಹಾಗೆಯೇ ಇರುತ್ತದೆ. ಚಾಸಿಯ ಮೇಲೆ ಒತ್ತಿರುವ ಸಂಖ್ಯೆಯನ್ನು ಉಜ್ಜಿ ತೊಳೆದು ಆರ್‌ಸಿಯೊಂದಿಗೆ (ನೋಂದಣಿ ಪತ್ರದೊಂದಿಗೆ) ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಅದರ ಸುತ್ತಮುತ್ತ ವೆಲ್ಡಿಂಗ್ ಗುರುತು ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಡಿಫರೆನ್ಶಿಯಲ್‌ಗಳ (ಆಕ್ಸಲ್‌ ನಡುವಿನ ಹಲ್ಲುಚಕ್ರಗಳ ಗೂಡುಗಳ) ಎಣ್ಣೆಯನ್ನು ಸ್ವಲ್ಪ ಹೊರತೆಗೆದು ನೋಡುವುದನ್ನು ಹೆಚ್ಚಿನವರು ಮಾಡುವುದಿಲ್ಲ. ವಾಹನ ನೀರಿನಲ್ಲಿ ಇಳಿದದ್ದರ ಸಾಕ್ಷಿ ಅಲ್ಲಿರುತ್ತದೆ. ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆ ಕಟ್ಟಿದ್ದರೆ ಸೀಲ್‌ಗಳ ಮೂಲಕ ನೀರು ಎಳೆದುಕೊಳ್ಳುತ್ತದೆ. ನೀರು ಸೇರಿದ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅದರಲ್ಲಿ ಓಡಿದ ಬೇರಿಂಗುಗಳಿಗೆ ಹೆಚ್ಚು ಆಯುಷ್ಯವಿಲ್ಲ. ನೆರೆಯಲ್ಲಿ ಮುಳುಗಿದ ವಾಹನಗಳ ಪ್ರಶ್ನೆ ಇದಕ್ಕಿಂತ ದೊಡ್ಡದು. 2018 ಮತ್ತು 2019ರ ಮಳೆಗಾಲಗಳಲ್ಲಿ ಕೇರಳದಲ್ಲೂ ಕರ್ನಾಟಕದಲ್ಲೂ ಊರುಗಳೇ ನೀರಿನಲ್ಲಿ ನಿಂತಿದ್ದವು. ಆದ್ದರಿಂದ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮಣ್ಣಿನ ಗೆರೆ ಇದೆಯೇ ನೋಡಬೇಕು, ನೆಲಹಾಸನ್ನು ಎತ್ತಿ ಮೂಸಬೇಕು, ಸೀಟಿನ ಹಳಿಗಳ ಬೋಲ್ಟುಗಳಲ್ಲಿ ತುಕ್ಕಿದೆಯೇ ಎಂದು ಬೆಳಕು ಬಿಟ್ಟು ಹುಡುಕಬೇಕು.

ಓಡಿಸಿ ನೋಡುವಾಗ ಹೆದ್ದಾರಿಯ ವೇಗಕ್ಕಿಂತ ಒಂದು ಒಳ್ಳೆಯ ಕೆಸರಿನ ಏರು ಹೆಚ್ಚು ಹೇಳುತ್ತದೆ. ಎಷ್ಟೋ ಮಾಲೀಕರು ವರ್ಷಗಟ್ಟಲೆ ಫೋರ್ ಬೈ ಫೋರ್ ಗುಂಡಿಯನ್ನು ತಿರುಗಿಸಿಯೇ ಇರುವುದಿಲ್ಲ. ಬಳಸದೆ ಬಿಟ್ಟ ಭಾಗಗಳು ಜಡ್ಡುಗಟ್ಟಿರುತ್ತವೆ. ವಾಹನವನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಲೋ ರೇಂಜಿಗೆ ಹಾಕಿದಾಗ ದೀಪ ಮಿನುಗುತ್ತಲೇ ಇರದೆ ಸ್ಥಿರವಾಗಬೇಕು. ಅನಂತರ ಇನ್ನೊಬ್ಬರು ಹೊರಗೆ ನಿಂತು, ಮುಂದಿನ ಚಕ್ರಗಳು ನಿಜವಾಗಿ ಮಣ್ಣು ಎಳೆಯುತ್ತಿವೆಯೇ ಎಂದು ನೋಡಬೇಕು. ಎರಡನೆಯ ತಲೆಮಾರಿನ ಫಾರ್ಚೂನರ್‌ನಂಥ ವಾಹನಗಳನ್ನು ಒಣ ಡಾಂಬರಿನ ಮೇಲೆ ಫೋರ್ ಬೈ ಫೋರ್‌ನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಕೆಸರಿನಲ್ಲಾದರೆ ಟಯರ್ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಆ ಬಿಗಿತವೆಲ್ಲ ಶಾಫ್ಟ್ ಮತ್ತು ಹಲ್ಲುಚಕ್ರಗಳ ಮೇಲೆ ಬೀಳುತ್ತದೆ. ‘ಮಳೆಗಾಲ ಪೂರ್ತಿ ಫೋರ್‌ ಬೈ ಫೋರ್‌ನಲ್ಲೇ ಓಡಿಸಿದ್ದೇನೆ’ ಎಂದು ಹೆಮ್ಮೆಯಿಂದ ಹೇಳಿದ ಮಾಲೀಕರೊಬ್ಬರ ವಾಹನವನ್ನು ನಾವು ಬಿಟ್ಟದ್ದು ಇದೇ ಕಾರಣಕ್ಕೆ. ಕ್ಲಚ್ಚನ್ನೂ ಏರಿನಲ್ಲೇ ಪರೀಕ್ಷಿಸಬೇಕು: ಅರ್ಧ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದಾಗ ಎಂಜಿನ್ ಸದ್ದು ಏರಿಯೂ ವಾಹನ ಹಿಂಜರಿದರೆ ಪ್ಲೇಟ್ ಸವೆದಿದೆ.

ಟಯರ್‌ಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ; 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ನಾಲ್ಕೂ ಒಂದೇ ಅಳತೆಯವು, ಸವೆತದಲ್ಲೂ ಹೆಚ್ಚುಕಡಿಮೆ ಸಮ ಇರಬೇಕು. ಓಡಿದ ಕಿಲೋಮೀಟರ್ ಎಂದು ತೋರಿಸುವ ಅಂಕಿಯನ್ನು ಕಂಪನಿಯ ಸರ್ವಿಸ್ ದಾಖಲೆಯೊಂದಿಗೆ ಹೋಲಿಸದೆ ಒಪ್ಪಬಾರದು.

ಮನೆಯವರನ್ನು ಕರೆದುಕೊಂಡು ಹೋಗಿ ಕೂರಿಸಿ ನೋಡುವುದೂ ಪರೀಕ್ಷೆಯೇ. ಇವುಗಳ ನೆಲ ಎತ್ತರ. ಅಮ್ಮ ಪಕ್ಕದ ಮೆಟ್ಟಿಲ ಮೇಲೆ ಕಾಲಿಟ್ಟು, ಕಂಬದ ಹಿಡಿ ಹಿಡಿದು ಹತ್ತಲು ಸಾಧ್ಯವಾಗುತ್ತದೆಯೇ ಎಂದು ನೋಡಿದ ಮೇಲೆಯೇ ನಾವು ಮುಂದುವರಿದೆವು. ಮೂರನೆಯ ಸಾಲಿನಲ್ಲಿ ದೊಡ್ಡವರು ದೂರ ಪ್ರಯಾಣ ಮಾಡುವುದು ಕಷ್ಟ, ಮಕ್ಕಳಿಗೆ ಸರಿ. ಫಾರ್ಚೂನರ್‌ನಲ್ಲಿ ಆ ಸೀಟುಗಳು ಮಡಚಿ ಎರಡೂ ಬದಿಗೆ ನಿಲ್ಲುತ್ತವೆ. ಎಂಡೇವರ್‌ನಲ್ಲಿ ನೆಲಕ್ಕೆ ಸಮವಾಗಿ ಮಲಗುತ್ತವೆ. ಅಡಿಕೆ ಮೂಟೆ ಹೇರುವವರಿಗೆ ಎಂಡೇವರ್‌ನ ವ್ಯವಸ್ಥೆಯೇ ಅನುಕೂಲ. ಇನ್ನೊಂದು ಮಾತು: ಸುಮಾರು 4.8 ಮೀಟರ್ ಉದ್ದ, 1.85 ಮೀಟರಿಗಿಂತ ಹೆಚ್ಚು ಅಗಲದ ವಾಹನ ನಿಮ್ಮ ದಣಪೆಯಲ್ಲಿ (ಅಂಗಳದ ಗೇಟಿನಲ್ಲಿ) ಹಿಡಿಸುತ್ತದೆಯೇ, ಹಳ್ಳದ ಮೋರಿ ಎರಡು ಟನ್‌ಗಿಂತ ಹೆಚ್ಚಿನ ತೂಕವನ್ನು ತಾಳುತ್ತದೆಯೇ ಎಂದು ಮುಂಗಡ ಕೊಡುವ ಮೊದಲು ಟೇಪು ಹಿಡಿದು ನೋಡಿ. ನಾವು ದಣಪೆಯ ಒಂದು ಕಂಬವನ್ನು ಸರಿಸಿ ನೆಡಬೇಕಾಯಿತು.

ಕಾಗದಪತ್ರದಲ್ಲಿ ಎಚ್ಚರ ತಪ್ಪಿದರೆ ಒಳ್ಳೆಯ ವಾಹನವೂ ತಲೆನೋವಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ನೋಂದಣಿಯ ದಿನಾಂಕ, ವಿಮೆ, ಬ್ಯಾಂಕ್ ಸಾಲದ ನಮೂದು ಕಾಣುತ್ತವೆ. ಬಾಕಿ ದಂಡಗಳನ್ನೂ ನೋಡಬಹುದು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಆ ನಮೂದನ್ನು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಮಾಲೀಕತ್ವದ ಬದಲಾವಣೆಗೆ ಫಾರಂ 29 ಮತ್ತು 30 ಬೇಕು, ಕೊಂಡವರು 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ‘ಸಹಿ ಹಾಕಿಟ್ಟಿದ್ದೇನೆ, ನಿಧಾನಕ್ಕೆ ಮಾಡಿಸಿಕೊಳ್ಳಿ’ ಎಂಬ ಮಾತಿಗೆ ಇಬ್ಬರೂ ಒಪ್ಪಬಾರದು. ನಡುವೆ ಅಪಘಾತವಾದರೆ ಹೊಣೆ ಹಳೆಯ ಮಾಲೀಕರ ತಲೆಗೇ ಬರುತ್ತದೆ. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ತಿಳಿಸಬೇಕು. ವಿಮೆಯಲ್ಲಿ ಪರಿಹಾರ ಕೇಳದ ವರ್ಷಗಳಿಗೆ ಹಿಂದಿನವರಿಗೆ ಸಿಕ್ಕ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, ನಮಗೆ ಬರುವುದಿಲ್ಲ, ಹಾಗಾಗಿ ಕಂತು ಹೆಚ್ಚಾಗುವುದನ್ನು ಲೆಕ್ಕಕ್ಕೆ ಹಿಡಿದಿರಬೇಕು.

ದೆಹಲಿಯ ವಾಹನಗಳು ಕಡಿಮೆ ಬೆಲೆಗೆ ಸಿಗುತ್ತವೆ ಎಂಬ ಆಸೆ ನಮ್ಮ ಕಡೆಯಲ್ಲೂ ಇದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ತಂದ ನಿರ್ಬಂಧದಿಂದಾಗಿ ಬೆಲೆ ಇಳಿದದ್ದು ನಿಜ. ಆದರೆ ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನೋಂದಣಿ ಕಡ್ಡಾಯ. ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಹೊಸ ಕಾರುಗಳಿಗೆ ಈ ತೆರಿಗೆ 18 ಪ್ರತಿಶತ, ಅದರ ಮೇಲೆ ಸೆಸ್ ಬೇರೆ. ಹಳೆಯದಕ್ಕೆ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆಯಾದರೂ, ಇಷ್ಟು ಬೆಲೆಯ ವಾಹನದಲ್ಲಿ ಅದು ದೊಡ್ಡ ಮೊತ್ತವೇ. ಸಾಗಣೆ, ಓಡಾಟ ಎಲ್ಲ ಸೇರಿದರೆ ಉಳಿತಾಯ ಕರಗುತ್ತದೆ. ನಮ್ಮ ಸುತ್ತಲಿನ ಕೆಎ-14, ಕೆಎ-15, ಕೆಎ-18ರ ವಾಹನ ಸ್ವಲ್ಪ ದುಬಾರಿಯಾದರೂ ಅದನ್ನು ಬಲ್ಲವರು ಹತ್ತಿರದಲ್ಲೇ ಇರುತ್ತಾರೆ, ವಿಚಾರಿಸಬಹುದು. ಖಾಸಗಿ ವಾಹನದ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಪರೀಕ್ಷೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೊಳ್ಳುವಾಗ ಎಷ್ಟು ವರ್ಷ ಬಾಕಿಯಿದೆ ಎಂಬುದು ಬೆಲೆಯ ಮಾತಿನಲ್ಲಿ ಬರಲೇಬೇಕು.

ಕೊಂಡ ಬೆಲೆಯಲ್ಲಿ ಸುಮಾರು ಹತ್ತನೆಯ ಒಂದು ಭಾಗವನ್ನು ಮೊದಲ ಖರ್ಚಿಗೆಂದು ಬೇರೆ ಇಟ್ಟುಕೊಳ್ಳಿ ಎಂದು ನನ್ನ ಸಲಹೆ. ನಾವು ಎಂಜಿನ್‌ನಿಂದ ಹಿಡಿದು ಎರಡೂ ಡಿಫರೆನ್ಶಿಯಲ್‌ಗಳವರೆಗೆ ಎಲ್ಲ ಎಣ್ಣೆಯನ್ನು ಬದಲಿಸಿ, ಸವೆದ ಬುಷ್‌ಗಳನ್ನು ತೆಗೆಸಿ, ಕೆಸರಿಗೂ ಡಾಂಬರಿಗೂ ಹೊಂದುವ ಆಲ್ ಟೆರೇನ್ ಟಯರ್‌ಗಳನ್ನು ಹಾಕಿಸಿದೆವು. ಹಳ್ಳದ ನೀರು ಎಷ್ಟಿದ್ದರೆ ದಾಟಬಹುದು ಎಂಬುದಕ್ಕೆ ಕಂಪನಿಯ ಅಂಕಿಯನ್ನು ಮನೆಯಲ್ಲಿ ಯಾರೂ ಆಧಾರವಾಗಿ ಹಿಡಿಯಬಾರದು ಎಂದು ಅಪ್ಪಯ್ಯ ಹೇಳಿದ್ದಾರೆ, ನನ್ನ ಮಾತೂ ಅದೇ: ಆ ಅಂಕಿ ನಿಂತ ನೀರಿನದು, ಹರಿಯುವ ನೀರು ಅದಕ್ಕಿಂತ ಎಷ್ಟೋ ಕಡಿಮೆ ಆಳದಲ್ಲೇ ವಾಹನವನ್ನು ಪಕ್ಕಕ್ಕೆ ತಳ್ಳುತ್ತದೆ. ದಾಟಿದ ಮೇಲೆ ತಳವನ್ನು ತೊಳೆದು, ವಾರಕ್ಕೊಮ್ಮೆಯಾದರೂ ಮಣ್ಣುದಾರಿಯಲ್ಲಿ ಸ್ವಲ್ಪ ದೂರ ಫೋರ್ ಬೈ ಫೋರ್ ಹಾಕಿ ಓಡಿಸಬೇಕು. ಕೊಟ್ಟಿಗೆಯ ಪಕ್ಕ ನಿಲ್ಲಿಸುವವರು ಇಲಿಯ ಕಾಟವನ್ನು ಹಗುರವಾಗಿ ಕಾಣಬಾರದು. ವೈರಿಂಗ್ ಕಡಿದರೆ ಇಂಥ ವಾಹನದಲ್ಲಿ ದುರಸ್ತಿಯ ಖರ್ಚು ಬಹಳ. ನಾವು ಶೆಡ್ಡಿನ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿಸಿ, ರಾತ್ರಿ ಬಾನೆಟ್ ತೆರೆದಿಡುವ ರೂಢಿ ಮಾಡಿಕೊಂಡಿದ್ದೇವೆ. ಈವರೆಗೆ ಇಲಿಯ ತೊಂದರೆ ಆಗಿಲ್ಲ.